ಶಾಸಕರ ಅಧಿವೇಶನ ವರದಿ: ಕ್ಷೇತ್ರದ ಜನರಿಗೆ ಅರ್ಥವಾಗುವಂತೆ ಬರೆಯುವುದು ಹೇಗೆ

ಅಧಿವೇಶನ ಮುಗಿದ ವಾರ ಶಾಸಕರ ಕಚೇರಿಯ ಫೋನಿಗೆ ಬಿಡುವಿರುವುದಿಲ್ಲ. ‘ನಮ್ಮ ರಸ್ತೆ ಏನಾಯ್ತು ಸಾರ್? ಆ ಕಾನೂನು ಬಂತಾ?’ ಇಷ್ಟೇ ಪ್ರಶ್ನೆ. ಉತ್ತರವೆಂದು ವಾಟ್ಸ್ಆ್ಯಪ್‌ನಲ್ಲಿ ಹೋಗುವುದು ಸಾಮಾನ್ಯವಾಗಿ ಒಂದು ಫೋಟೊ: ಸದನದಲ್ಲಿ ಎದ್ದು ನಿಂತ ಶಾಸಕರು, ಕೆಳಗೆ ‘ಕ್ಷೇತ್ರದ ಸಮಸ್ಯೆಗಳ ಬಗ್ಗೆ ಸರ್ಕಾರದ ಗಮನ ಸೆಳೆದ ಕ್ಷಣ’ ಎಂಬ ಸಾಲು. ರಸ್ತೆ ಕೇಳಿದವರು ಮರುದಿನ ಮತ್ತೆ ಫೋನು ಮಾಡುತ್ತಾರೆ.

ಆ ಫೋಟೊದ ಜಾಗದಲ್ಲಿ ಹೋಗಬೇಕಾದ ನಾಲ್ಕು ಪುಟದ ವರದಿ ತಯಾರಿಸುವ ಆಪ್ತ ಸಹಾಯಕರಿಗೆ ಮತ್ತು ಕಚೇರಿ ಸಿಬ್ಬಂದಿಗೆ ಈ ಬರಹ. ವಿಧಾನಸಭೆಯ 224 ಕ್ಷೇತ್ರಗಳಲ್ಲಿ ಯಾವುದಕ್ಕಾದರೂ ಇದು ಹೊಂದುತ್ತದೆ. ಪರಿಷತ್ತಿನ 75 ಸದಸ್ಯರ ಕಚೇರಿಗಳೂ ನಿಯಮಗಳ ಸಂಖ್ಯೆ ಬದಲಿಸಿಕೊಂಡು ಬಳಸಬಹುದು. ಇಡೀ ವರದಿಗೆ ಒಂದೇ ಕಟ್ಟಳೆ ಇಟ್ಟುಕೊಳ್ಳಿ. ಪ್ರತಿ ವಿಷಯದ ಕೆಳಗೂ ಅದು ಯಾವ ಹಂತದಲ್ಲಿದೆ, ಕಡತ ಯಾರ ಮೇಜಿನ ಮೇಲಿದೆ, ಈ ಮಾಹಿತಿ ಯಾವ ದಿನಾಂಕದ್ದು ಎಂಬುದಿರಬೇಕು. ಮೂರರಲ್ಲಿ ಒಂದು ಸಿಗದಿದ್ದರೂ ಆ ವಿಷಯವನ್ನು ಮುಂದಿನ ಸಂಚಿಕೆಗೆ ತಳ್ಳಿ.

ಕಾಗದ ಕೂಡಿಸುವ ಕೆಲಸ ಮೊದಲ ದಿನದಿಂದಲೇ

ವರ್ಷದ ಮೊದಲ ಅಧಿವೇಶನ ರಾಜ್ಯಪಾಲರ ಭಾಷಣದಿಂದ ಶುರುವಾಗುತ್ತದೆ. ಆಮೇಲೆ ಬಜೆಟ್, ಮಳೆಗಾಲದ ಅಧಿವೇಶನ, ಡಿಸೆಂಬರ್ ಹೊತ್ತಿಗೆ ಬೆಳಗಾವಿಯ ಸುವರ್ಣ ವಿಧಾನಸೌಧ. ಕೊನೆಯ ಎರಡು ದಿನ ಮಸೂದೆಗಳು ಸಾಲುಗಟ್ಟಿ ಅಂಗೀಕಾರವಾಗುತ್ತವೆ. ಎಲ್ಲ ಮುಗಿದ ಮೇಲೆ ಕಾಗದ ಹುಡುಕಲು ಕೂತರೆ ಹದಿನೈದು ದಿನ ಹೋಗುತ್ತದೆ, ಅಷ್ಟರಲ್ಲಿ ಜನ ಪತ್ರಿಕೆ ಓದಿ ತಮಗೆ ತೋಚಿದಂತೆ ಅರ್ಥ ಮಾಡಿಕೊಂಡಿರುತ್ತಾರೆ.

ದಿನದಿನದ ಕಾರ್ಯಕಲಾಪಗಳ ಪಟ್ಟಿ, ನಿಮ್ಮ ಶಾಸಕರ ಪ್ರಶ್ನೆಗಳಿಗೆ ಬಂದ ಉತ್ತರಗಳು, ಮಂಡನೆಯಾದ ಮಸೂದೆಗಳ ಪ್ರತಿ, ಇವನ್ನು ಆಯಾ ದಿನವೇ ಒಂದು ಫೋಲ್ಡರಿಗೆ ಹಾಕಿ. ತಾಲ್ಲೂಕಿನ ಅಭಿವೃದ್ಧಿ ಕೆಲಸಗಳ ಪ್ರಗತಿ ನೋಡುವ ಕೆಡಿಪಿ ಸಭೆಯ ಕಳೆದ ಎರಡು ನಡವಳಿ, ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯ ಕಾಮಗಾರಿ ಪಟ್ಟಿ, ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿ ಸಕ್ರಮ ಮಾಡುವ ಬಗರ್ ಹುಕುಂ ಸಮಿತಿಯ ಲೆಕ್ಕ, ಇವು ಊರಿನ ಕಡೆಯ ಕಾಗದಗಳು. ಕೆಡಿಪಿ ಸಭೆಗೆ ಶಾಸಕರೇ ಅಧ್ಯಕ್ಷರು, ಹಾಗಾಗಿ ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಯಿಂದ ನಡವಳಿ ತರಿಸಿಕೊಳ್ಳಲು ಯಾರ ಶಿಫಾರಸೂ ಬೇಕಿಲ್ಲ.

ಸದನದಲ್ಲಿ ವಿಷಯ ಎತ್ತಿದ ಬಗೆಯನ್ನೂ ಗುರುತು ಹಾಕಿಕೊಳ್ಳಿ, ಏಕೆಂದರೆ ಬಗೆಗೆ ತಕ್ಕಂತೆ ಉತ್ತರದ ತೂಕ ಬೇರೆ. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಸಚಿವರು ಸದನದಲ್ಲೇ ಉತ್ತರಿಸಬೇಕು, ಮೇಲೆ ಉಪಪ್ರಶ್ನೆ ಹಾಕಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಬರುವುದು ಲಿಖಿತ ಉತ್ತರ ಮಾತ್ರ. ವಿಧಾನಸಭೆಯ ನಡವಳಿ ನಿಯಮ 73ರಡಿ ಗಮನ ಸೆಳೆಯುವ ಸೂಚನೆ ಇದೆ, ನಿಯಮ 351ರಡಿಯ ಪ್ರಸ್ತಾಪ ಇದೆ. ಶೂನ್ಯವೇಳೆಯಲ್ಲಿ ಎರಡು ನಿಮಿಷ ಮಾತಾಡಿದ್ದು ಪ್ರಸ್ತಾಪವಷ್ಟೇ, ಅದನ್ನು ‘ಸರ್ಕಾರದಿಂದ ಉತ್ತರ ಪಡೆಯಲಾಯಿತು’ ಎಂದು ಬರೆದರೆ ಮುಂದಿನ ಗ್ರಾಮಸಭೆಯಲ್ಲಿ ಯಾರಾದರೂ ಆ ಉತ್ತರದ ಪ್ರತಿ ಕೇಳುತ್ತಾರೆ.

ಸಚಿವರು ಉತ್ತರ ಕೊಡುವಾಗ ‘ಈ ವರ್ಷವೇ ಮಾಡಿಸುತ್ತೇನೆ’ ಎಂದರೆ ಆ ವಾಕ್ಯವನ್ನು ದಿನಾಂಕ ಸಮೇತ ಬರೆದಿಟ್ಟುಕೊಳ್ಳಿ. ಸದನದಲ್ಲಿ ಕೊಟ್ಟ ಮಾತನ್ನು ಬೆನ್ನುಹತ್ತುವುದಕ್ಕೆಂದೇ ಸರ್ಕಾರಿ ಭರವಸೆಗಳ ಸಮಿತಿ ಇದೆ. ಸಚಿವರ ಕೊಠಡಿಯಲ್ಲೋ ಮೊಗಸಾಲೆಯಲ್ಲೋ ಹೇಳಿದ್ದು ಅದರ ವ್ಯಾಪ್ತಿಗೆ ಬರುವುದಿಲ್ಲ.

ಇಲಾಖೆಯ ಉತ್ತರ ಓದುವ ಬಗೆ

ಇಲ್ಲೇ ಹೆಚ್ಚಿನ ವರದಿಗಳು ದಾರಿ ತಪ್ಪುವುದು, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. ಉತ್ತರದ ಹಾಳೆಯಲ್ಲಿ ಎಡಗಡೆ ಪ್ರಶ್ನೆ, ಬಲಗಡೆ ಉತ್ತರ, ಪ್ರಶ್ನೆಯನ್ನು ಅ, ಆ, ಇ, ಈ ಎಂದು ಒಡೆದಿರುತ್ತಾರೆ. ‘ಅ’ ಭಾಗದಲ್ಲಿ ‘ಸದರಿ ರಸ್ತೆ ಹಾಳಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ’ ಎಂದು ಕೇಳಿರುತ್ತದೆ, ಉತ್ತರ ‘ಬಂದಿದೆ’. ಇದನ್ನು ಹಿಡಿದು ‘ರಸ್ತೆ ದುರಸ್ತಿಗೆ ಸರ್ಕಾರದ ಒಪ್ಪಿಗೆ’ ಎಂದು ಪೋಸ್ಟರ್ ಮಾಡುವವರಿದ್ದಾರೆ. ನಿಜವಾದ ಉತ್ತರ ಇರುವುದು ‘ಇ’ ಅಥವಾ ‘ಈ’ ಭಾಗದಲ್ಲಿ, ಇಲ್ಲವೇ ಹಿಂದೆ ಲಗತ್ತಿಸಿದ ಅನುಬಂಧದಲ್ಲಿ.

ಆ ಭಾಗದಲ್ಲಿ ಬರುವ ಮಾತುಗಳು ಹೆಚ್ಚುಕಡಿಮೆ ಸಿದ್ಧ ಮಾತುಗಳೇ. ‘ಅನುದಾನದ ಲಭ್ಯತೆಗೆ ಅನುಗುಣವಾಗಿ ಕ್ರಮ ವಹಿಸಲಾಗುವುದು’ ಎಂದಿದ್ದರೆ ಈ ವರ್ಷ ಹಣ ಇಟ್ಟಿಲ್ಲ ಎಂದು ಓದಿಕೊಳ್ಳಿ. ‘ಪ್ರಸ್ತಾವನೆ ಪರಿಶೀಲನೆಯಲ್ಲಿದೆ’ ಎಂದರೆ ಕಡತ ಇದೆ, ನಿರ್ಧಾರ ಆಗಿಲ್ಲ. ‘ಪ್ರಸ್ತಾವನೆ ಸ್ವೀಕೃತವಾಗಿರುವುದಿಲ್ಲ’ ಎಂದರೆ ಇನ್ನೂ ಕೆಳಗಿನ ಕಚೇರಿಯಿಂದಲೇ ಹೊರಟಿಲ್ಲ. ಇದು ಕೆಟ್ಟ ಸುದ್ದಿಯಂತೆ ಕಂಡರೂ ಕೈಗೆ ಸಿಗುವ ಸುದ್ದಿ, ಯಾಕೆಂದರೆ ಮುಂದಿನ ಕೆಡಿಪಿ ಸಭೆಯಲ್ಲಿ ಪ್ರಸ್ತಾವನೆ ಕಳಿಸುವಂತೆ ಇಂಜಿನಿಯರರಿಗೆ ಹೇಳಬಹುದು. ‘ಉದ್ಭವಿಸುವುದಿಲ್ಲ’ ಎಂದು ಬಂದರೆ ಮೇಲಿನ ಭಾಗದ ಉತ್ತರ ‘ಇಲ್ಲ’ ಆಗಿರುತ್ತದೆ. ಉತ್ತರದ ಅಡಿಯಲ್ಲಿ ಇಲಾಖೆಯ ಕಡತ ಸಂಖ್ಯೆ ಇರುತ್ತದೆ. ಅದನ್ನು ವರದಿಯಲ್ಲಿ ಅಚ್ಚು ಮಾಡಿಬಿಡಿ. ಮಾಹಿತಿ ಹಕ್ಕಿನಡಿ ಕೇಳುವವರಿಗೆ ಅರ್ಧ ಕೆಲಸ ಮುಗಿಯುತ್ತದೆ, ನಿಮ್ಮ ಕಚೇರಿಗೆ ಬರುವ ಫೋನೂ ಒಂದು ಕಡಿಮೆಯಾಗುತ್ತದೆ.

ಶಾಸಕರ ಪತ್ರದ ಮೇಲೆ ಮುಖ್ಯಮಂತ್ರಿಗಳೋ ಸಚಿವರೋ ಹಾಕಿದ ಷರಾ (ಕೈಬರಹದ ಟಿಪ್ಪಣಿ) ಇನ್ನೊಂದು ಬಲೆ. ‘ಪರಿಶೀಲಿಸಿ ಮಂಡಿಸಿ’ ಎಂಬ ಷರಾ ಬಿದ್ದ ಪತ್ರದ ಫೋಟೊ ಹಾಕಿ ‘5 ಕೋಟಿ ಮಂಜೂರು’ ಎಂದು ಬರೆಯಬಾರದು. ಷರಾ ಬಿದ್ದ ಪತ್ರ ಆರ್ಥಿಕ ಇಲಾಖೆಗೆ ಹೋಗಿ ಸಹಮತಿ ಸಿಗದೆ ವಾಪಸಾದ ಉದಾಹರಣೆಗೆ ವಿಧಾನಸೌಧದಲ್ಲಿ ಬರವಿಲ್ಲ.

ಊರಿನ ಕಾಮಗಾರಿಗೆ ಮೆಟ್ಟಿಲು ಹೇಳಿ

ಕಾಮಗಾರಿ ಎಂದರೆ ಮೆಟ್ಟಿಲು ಮೆಟ್ಟಿಲಾಗಿ ಹತ್ತುವ ಕಡತ: ಕ್ರಿಯಾ ಯೋಜನೆ, ಅಂದಾಜುಪಟ್ಟಿ, ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ, ಕೆಲಸ, ಅಳತೆ ಪುಸ್ತಕ, ಬಿಲ್ಲು. ಜನರಿಗೆ ಇಷ್ಟೂ ಬೇಕಿಲ್ಲ, ಆದರೆ ‘ಮಂಜೂರು’ ಎಂಬ ಒಂದೇ ಪದಕ್ಕೆ ಆಡಳಿತಾತ್ಮಕ ಅನುಮೋದನೆಯನ್ನೂ ಕಾರ್ಯಾದೇಶವನ್ನೂ ಸೇರಿಸಿಬಿಟ್ಟರೆ ಎರಡರ ನಡುವಿನ ಆರು ತಿಂಗಳ ಬೈಗುಳ ಶಾಸಕರ ಪಾಲಿಗೆ ಬರುತ್ತದೆ. ಕಾರ್ಯಾದೇಶ ಆಗದ ಕೆಲಸಕ್ಕೆ ಗುದ್ದಲಿ ಪೂಜೆಯ ಫೋಟೊ ವರದಿಯಲ್ಲಿ ಹಾಕಬೇಡಿ. ಗುದ್ದಲಿ ಪೂಜೆ ಆಗಿ ವರ್ಷ ಕಳೆದ ಜಾಗದಲ್ಲಿ ಜನ ನಿಂತು ಅದೇ ಫೋಟೊ ಹಿಡಿದು ಇನ್ನೊಂದು ಫೋಟೊ ತೆಗೆಸಿಕೊಳ್ಳುತ್ತಾರೆ.

ಹಣ ಯಾವ ಬಾಬ್ತಿನಿಂದ ಬಂತು ಎಂಬುದನ್ನು ಹೇಳಲೇಬೇಕು. ಲೆಕ್ಕ ಶೀರ್ಷಿಕೆ 5054 ರಸ್ತೆ ಮತ್ತು ಸೇತುವೆಗಳ ಬಂಡವಾಳ ವೆಚ್ಚ, 3054 ನಿರ್ವಹಣೆ. ಗುಂಡಿ ಮುಚ್ಚುವ ಹಣದಲ್ಲಿ ಹೊಸ ರಸ್ತೆ ಕೇಳಿದರೆ ಯಾಕೆ ಆಗುವುದಿಲ್ಲ ಎಂಬುದು ಈ ಎರಡು ಸಂಖ್ಯೆಯಲ್ಲೇ ಇದೆ. ಜಲ ಜೀವನ್ ಮಿಷನ್, ನಬಾರ್ಡ್ ಸಾಲ, ಪರಿಶಿಷ್ಟರ ಉಪಯೋಜನೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಒಂದೊಂದಕ್ಕೂ ಅದರದೇ ನಿಯಮ. ಒಂದರ ಹಣ ಇನ್ನೊಂದಕ್ಕೆ ತಿರುಗಿಸಲಾಗದು ಎಂಬುದನ್ನು ಒಮ್ಮೆ ಸರಿಯಾಗಿ ಬರೆದರೆ ‘ಪಕ್ಕದ ಊರಿಗೆ ಕೊಟ್ಟರು, ನಮಗೆ ಕೊಡಲಿಲ್ಲ’ ಎಂಬ ದೂರು ಅರ್ಧಕ್ಕೆ ಇಳಿಯುತ್ತದೆ.

ಶಾಸಕರ ನಿಧಿಯ ಲೆಕ್ಕ ಬೇರೆಯೇ ಕೊಡಿ. ವರ್ಷಕ್ಕೆ 2 ಕೋಟಿ ರೂಪಾಯಿ. ಶಾಸಕರು ಶಿಫಾರಸು ಮಾಡುತ್ತಾರೆ, ಮಂಜೂರು ಮಾಡುವುದು ಮತ್ತು ಹಣ ಬಿಡುಗಡೆ ಮಾಡುವುದು ಜಿಲ್ಲಾಧಿಕಾರಿ, ಕೆಲಸ ಮಾಡಿಸುವುದು ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗ ಅಥವಾ ನಿರ್ಮಿತಿ ಕೇಂದ್ರದಂಥ ಸಂಸ್ಥೆ. ಎಷ್ಟು ಶಿಫಾರಸಾಯಿತು, ಎಷ್ಟು ಮಂಜೂರಾಯಿತು, ಎಷ್ಟು ಖರ್ಚಾಯಿತು, ಈ ಮೂರು ಅಂಕಿ ಅಕ್ಕಪಕ್ಕ ಇಡಿ. ಶಿಫಾರಸಿನ ಅಂಕಿಯೊಂದನ್ನೇ ಖರ್ಚೆಂದು ತೋರಿಸುವುದು ಹಳೆಯ ಚಾಳಿ, ಜಿಲ್ಲಾಧಿಕಾರಿ ಕಚೇರಿಯ ಪಟ್ಟಿ ಯಾರ ಕೈಗಾದರೂ ಸಿಕ್ಕ ದಿನ ಬಯಲಾಗುತ್ತದೆ.

ಬಗರ್ ಹುಕುಂ ವಿಷಯ ಹಳ್ಳಿ ಕ್ಷೇತ್ರಗಳಲ್ಲಿ ರಸ್ತೆಗಿಂತ ದೊಡ್ಡದು. ಸಮಿತಿಗೆ ಶಾಸಕರು ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ. ಸಕ್ರಮದ ಅರ್ಜಿ ನಮೂನೆ 50, 53, 57ರಲ್ಲಿ ಒಂದೊಂದಕ್ಕೂ ಎಷ್ಟು ಅರ್ಜಿ ಬಾಕಿ, ಈ ಅವಧಿಯಲ್ಲಿ ಎಷ್ಟು ಸಮಿತಿ ಮುಂದೆ ಬಂದವು, ಎಷ್ಟು ಮಂಜೂರು, ಎಷ್ಟು ತಿರಸ್ಕಾರ ಎಂದು ಬರೆಯಿರಿ. ತಿರಸ್ಕಾರದ ಕಾರಣವನ್ನೂ ಗುಂಪು ಮಾಡಿ: ಅರಣ್ಯ ಜಮೀನು, ಗೋಮಾಳದ ಕೊರತೆ, ನಗರದ ಅಂಚಿನ ದೂರದ ಮಿತಿಯೊಳಗೆ ಬಿದ್ದದ್ದು, ಸಾಗುವಳಿ ಇಲ್ಲದ್ದು. ಶಾಸಕರೇ ಕೂತು ತೀರ್ಮಾನ ಮಾಡುವ ವಿಷಯ ಇದು, ಇದನ್ನು ಬಿಟ್ಟು ರಾಜ್ಯದ ಬಜೆಟ್ಟಿನ ಗಾತ್ರ ಬರೆದರೆ ಓದುವವರಿಗೆ ಅರ್ಥವಾಗಿಬಿಡುತ್ತದೆ.

ಒಂದು ಕಾಮಗಾರಿಯ ಸುದ್ದಿ ಎರಡು ಬಗೆಯಲ್ಲಿ ಹೇಗಿರುತ್ತದೆ ನೋಡಿ. ಊರಿಗೆ ಹೊಸಹಳ್ಳಿ ಎಂದೇ ಹೆಸರಿಡೋಣ, ಅಂಕಿಗಳೂ ಮಾದರಿಗಷ್ಟೇ. ಮಾಮೂಲಿ ಬಗೆ: ‘ಹೊಸಹಳ್ಳಿ ಜನತೆಯ ಬಹುದಿನಗಳ ಕನಸಾದ ಕೆರೆ ಏರಿ ರಸ್ತೆ ಅಭಿವೃದ್ಧಿಗೆ ಮಾನ್ಯ ಶಾಸಕರ ಅವಿರತ ಶ್ರಮದಿಂದ ಕೋಟಿ ರೂ. ಅನುದಾನ.’ ಬೇಕಾದ ಬಗೆ:

‘ಹೊಸಹಳ್ಳಿ ಕೆರೆ ಏರಿ ರಸ್ತೆ, 1.8 ಕಿ.ಮೀ. ಅಂದಾಜು 95 ಲಕ್ಷ ರೂ., ಲೆಕ್ಕ ಶೀರ್ಷಿಕೆ 5054. ಆಡಳಿತಾತ್ಮಕ ಅನುಮೋದನೆ ಆಗಿದೆ. ಮೊದಲ ಟೆಂಡರಿಗೆ ಒಬ್ಬರೇ ಬಂದದ್ದರಿಂದ ಮತ್ತೆ ಕರೆಯಲಾಗಿದೆ, ಬಿಡ್ ತೆರೆಯುವುದು ಆಗಸ್ಟ್ 22ಕ್ಕೆ. ಕಡತ ಲೋಕೋಪಯೋಗಿ ಕಾರ್ಯಪಾಲಕ ಇಂಜಿನಿಯರ್ ಕಚೇರಿಯಲ್ಲಿದೆ. ಕಾರ್ಯಾದೇಶ ಆದರೂ ಮಳೆ ನಿಲ್ಲುವ ತನಕ ಡಾಂಬರು ಹಾಕುವುದಿಲ್ಲ, ಅಲ್ಲಿಯವರೆಗೆ ಗುಂಡಿಗೆ ಜಲ್ಲಿ ತುಂಬಿಸಲಾಗುತ್ತದೆ. ಮಾಹಿತಿ: ಆಗಸ್ಟ್ 5.’

ಎರಡನೆಯದರಲ್ಲಿ ಶಾಸಕರ ಹೆಸರೇ ಇಲ್ಲ ಎಂದು ಕಚೇರಿಯಲ್ಲಿ ಯಾರಾದರೂ ಮುಖ ಸಿಂಡರಿಸುತ್ತಾರೆ. ಹೆಸರು ಮುಖಪುಟದಲ್ಲಿ ದೊಡ್ಡದಾಗಿಯೇ ಇದೆಯಲ್ಲ.

ಮಸೂದೆ ಎಲ್ಲಿದೆ ಎಂದು ತಪ್ಪಿಲ್ಲದೆ ಹೇಳುವುದು

ಪತ್ರಿಕೆಗಳ ತಲೆಬರಹದಲ್ಲಿ ‘ಸಂಪುಟ ಅಸ್ತು’, ‘ಮಂಡನೆ’, ‘ಅಂಗೀಕಾರ’, ‘ಅಂಕಿತ’, ‘ಜಾರಿ’ ಎಂಬ ಪದಗಳು ದಿನವೂ ಓಡಾಡುತ್ತವೆ. ಓದುವವರಿಗೆ ಐದೂ ಒಂದೇ: ಕಾನೂನು ಬಂತು. ನಿಮ್ಮ ವರದಿಯಲ್ಲಿ ಐದೂ ಬೇರೆಬೇರೆ ಮೆಟ್ಟಿಲು. ಶಾಸಕಾಂಗದ ಕಾಗದದಲ್ಲಿ ಮಸೂದೆಯನ್ನು ವಿಧೇಯಕ ಎನ್ನುತ್ತಾರೆ, ಅಂಕಿತ ಬಿದ್ದು ರಾಜ್ಯಪತ್ರದಲ್ಲಿ ಬಂದ ಮೇಲೆ ಅಧಿನಿಯಮ. ಜನ ಬಳಸುವ ‘ಮಸೂದೆ’, ‘ಕಾಯ್ದೆ’ಗಳನ್ನೇ ಬಳಸಿ, ವಿಧೇಯಕದ ಸಂಖ್ಯೆ ಮಾತ್ರ ಮೂಲದಲ್ಲಿದ್ದಂತೆ ಕೊಡಿ.

ಸಂಪುಟದ ಒಪ್ಪಿಗೆಯನ್ನು ಸುದ್ದಿ ಮಾಡುವ ಮೊದಲು 2024ರ ಜುಲೈ ನೆನಪಿಸಿಕೊಳ್ಳಿ. ಖಾಸಗಿ ಉದ್ಯಮಗಳಲ್ಲಿ ವ್ಯವಸ್ಥಾಪಕ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ ಎಂಬ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟಿತು, ಅದೇ ವಾರ ಸರ್ಕಾರವೇ ಅದನ್ನು ತಡೆಹಿಡಿಯಿತು. ಸದನದ ಬಾಗಿಲಿಗೂ ಬರಲಿಲ್ಲ. ಆ ವಾರ ‘ಇನ್ನು ಕೆಲಸ ನಮ್ಮವರಿಗೇ’ ಎಂದು ಗ್ರೂಪುಗಳಲ್ಲಿ ಹರಿದಾಡಿದ ಅಭಿನಂದನೆಗಳನ್ನು ಹಿಂತೆಗೆದುಕೊಳ್ಳಲು ದಾರಿ ಇರಲಿಲ್ಲ.

ವಿಧಾನಸಭೆಯಲ್ಲಿ ಅಂಗೀಕಾರವಾದರೂ ಪರಿಷತ್ತು ಬಾಕಿ ಇರುತ್ತದೆ. 2024ರ ಫೆಬ್ರುವರಿಯಲ್ಲಿ ಹಿಂದೂ ಧಾರ್ಮಿಕ ಸಂಸ್ಥೆಗಳ ಮತ್ತು ಧರ್ಮಾದಾಯ ದತ್ತಿಗಳ ತಿದ್ದುಪಡಿ ಮಸೂದೆ ಪರಿಷತ್ತಿನಲ್ಲಿ ಬಿದ್ದುಹೋಯಿತು, ವಿಧಾನಸಭೆ ಅದನ್ನು ಮತ್ತೊಮ್ಮೆ ಅಂಗೀಕರಿಸಬೇಕಾಯಿತು. ಸಂವಿಧಾನದ 197ನೇ ವಿಧಿಯ ಲೆಕ್ಕ ಹೀಗೆ: ಪರಿಷತ್ತು ತಿರಸ್ಕರಿಸಿದರೆ, ಸಭೆ ಒಪ್ಪದ ತಿದ್ದುಪಡಿ ಸೂಚಿಸಿದರೆ ಅಥವಾ ಮೂರು ತಿಂಗಳು ಹಾಗೇ ಇಟ್ಟುಕೊಂಡರೆ ವಿಧಾನಸಭೆ ಮತ್ತೆ ಅಂಗೀಕರಿಸಬಹುದು. ಎರಡನೇ ಸಲ ಪರಿಷತ್ತಿಗೆ ಸಿಗುವುದು ಒಂದು ತಿಂಗಳು. ಧನ ವಿಧೇಯಕಕ್ಕಾದರೆ (ಮನಿ ಬಿಲ್) ಒಟ್ಟು 14 ದಿನ ಮಾತ್ರ.

ಮುಂದಿನದು ರಾಜಭವನ. 200ನೇ ವಿಧಿಯಡಿ ರಾಜ್ಯಪಾಲರು ಅಂಕಿತ ಹಾಕಬಹುದು, ಮರುಪರಿಶೀಲನೆಗೆ ಹಿಂದಿರುಗಿಸಬಹುದು ಅಥವಾ ರಾಷ್ಟ್ರಪತಿಗಳ ಪರಿಶೀಲನೆಗೆ ಕಾಯ್ದಿರಿಸಬಹುದು. ಸರ್ಕಾರಿ ಗುತ್ತಿಗೆಗಳಲ್ಲಿನ ಮೀಸಲಾತಿ ಕುರಿತ ಪಾರದರ್ಶಕತೆ ಕಾಯ್ದೆಯ 2025ರ ತಿದ್ದುಪಡಿ ಮಸೂದೆ ಎರಡೂ ಸದನ ದಾಟಿದ ಮೇಲೆ ಹೀಗೆ ಕಾಯ್ದಿರಿಸಿದ ಪಟ್ಟಿಗೆ ಸೇರಿತು. ಇಂಥದ್ದನ್ನು ‘ತಿರಸ್ಕಾರ’ ಎಂದೂ ಬರೆಯಬೇಡಿ, ‘ಜಾರಿ’ ಎಂದೂ ಬರೆಯಬೇಡಿ. ‘ರಾಷ್ಟ್ರಪತಿಗಳ ಒಪ್ಪಿಗೆಗೆ ಕಾಯುತ್ತಿದೆ’ ಎಂದರೆ ಸರಿ. ‘ಇನ್ನೊಂದು ತಿಂಗಳಲ್ಲಿ ಅಂಕಿತ ಬೀಳುತ್ತದೆ’ ಎಂಬ ಸಾಲೂ ಬೇಡ: ರಾಜ್ಯಪಾಲರಿಗೆ ಮತ್ತು ರಾಷ್ಟ್ರಪತಿಗಳಿಗೆ ನ್ಯಾಯಾಲಯ ಕಾಲಮಿತಿ ಹಾಕಲಾಗದು ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2025ರ ನವೆಂಬರ್ 20ರಂದು ಅಭಿಪ್ರಾಯ ಕೊಟ್ಟಿದೆ.

ಅಂಕಿತ ಬಿದ್ದ ದಿನವೂ ಕೊನೆಯ ದಿನವಾಗಿರುವುದಿಲ್ಲ. ಮಸೂದೆಯ ಮೊದಲ ಪ್ರಕರಣದ ಎರಡನೇ ಉಪಪ್ರಕರಣ ಓದಿ. ‘ರಾಜ್ಯ ಸರ್ಕಾರವು ಅಧಿಸೂಚನೆಯ ಮೂಲಕ ಗೊತ್ತುಪಡಿಸುವ ದಿನಾಂಕದಂದು ಜಾರಿಗೆ ಬರತಕ್ಕದ್ದು’ ಎಂಬ ಅರ್ಥದ ಸಾಲಿದ್ದರೆ ಆ ಅಧಿಸೂಚನೆ ಬರುವ ತನಕ ಏನೂ ಬದಲಾಗದು. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಇದಕ್ಕೆ ಒಳ್ಳೆಯ ಪಾಠ. 2024ರ ಜುಲೈಯಲ್ಲಿ ಮಂಡನೆಯಾಗಿ ಜಂಟಿ ಪರಿಶೀಲನಾ ಸಮಿತಿಗೆ ಹೋಯಿತು. 2025ರ ಮಾರ್ಚ್‌ನಲ್ಲಿ ಎರಡೂ ಸದನ ಒಪ್ಪಿದವು, ರಾಜಭವನದಿಂದ ಒಮ್ಮೆ ವಾಪಸು ಬಂದು ಏಪ್ರಿಲ್‌ನಲ್ಲಿ ಅಂಕಿತ ಸಿಕ್ಕಿತು, ಜಾರಿಯಾದದ್ದು ಮೇ 15ಕ್ಕೆ, ಐದು ಪಾಲಿಕೆಗಳು ರೂಪ ತಳೆದದ್ದು ಸೆಪ್ಟೆಂಬರ್‌ನಲ್ಲಿ. ಕೆಲವು ಕಾಯ್ದೆಗಳಿಗೆ ಅದರ ಮೇಲೆ ನಿಯಮಗಳೂ ಬೇಕು. ಕರಡು ನಿಯಮ ರಾಜ್ಯಪತ್ರದಲ್ಲಿ ಬಂದಾಗ ಆಕ್ಷೇಪಣೆಗೆ ಗಡುವು ಕೊಟ್ಟಿರುತ್ತಾರೆ. ಆ ಗಡುವನ್ನು ಮುಖಪುಟದಲ್ಲೇ ಹಾಕಿ, ಜನ ಸ್ವತಃ ಬರೆದು ಕಳಿಸಬಹುದಾದ ಹಂತ ಅದು.

ಸುಗ್ರೀವಾಜ್ಞೆಯ ಕಥೆ ತಿರುಗುಮುರುಗು: ಹೊರಡಿಸಿದ ಕೂಡಲೇ ಕಾನೂನು, ಆದರೆ ಸದನ ಮತ್ತೆ ಸೇರಿದ ಆರು ವಾರದಲ್ಲಿ ಮಸೂದೆಯಾಗಿ ಅಂಗೀಕಾರವಾಗದಿದ್ದರೆ ಬಿದ್ದುಹೋಗುತ್ತದೆ. ಕಿರು ಸಾಲ ವಸೂಲಿಯ ಕಿರುಕುಳ ತಡೆಯುವ ಸುಗ್ರೀವಾಜ್ಞೆಯನ್ನು ರಾಜ್ಯಪಾಲರು 2025ರ ಫೆಬ್ರುವರಿ ಮೊದಲ ವಾರ ಹಿಂದಿರುಗಿಸಿ, 12ರಂದು ಅಂಕಿತ ಹಾಕಿದರು, ಮಾರ್ಚ್‌ನಲ್ಲಿ ಮಸೂದೆ ಸದನಕ್ಕೆ ಬಂತು. ಆ ಐದಾರು ದಿನ ಸ್ವಸಹಾಯ ಸಂಘದ ಹೆಂಗಸರಿಗೆ ‘ಕಾನೂನು ಬಂದಿದೆ, ಕಂತು ಕಟ್ಟಬೇಡಿ’ ಎಂದು ಯಾರೋ ಹೇಳಿದ್ದರೆ ಅದು ಎರಡು ಸಲ ತಪ್ಪು. ಕಾನೂನು ಬಂದಿರಲಿಲ್ಲ, ಬಂದದ್ದೂ ಎಲ್ಲರ ಸಾಲ ಮನ್ನಾ ಮಾಡುವ ಕಾನೂನಾಗಿರಲಿಲ್ಲ.

ಇನ್ನು ಮಸೂದೆಯ ಒಳಗೇನಿದೆ ಎಂದು ಹೇಳುವುದು. ಕೊನೆಯಲ್ಲಿರುವ ‘ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ’ಯನ್ನು ನಕಲು ಮಾಡುವುದು ಸುಲಭ, ಆದರೆ ಅದು ಸರ್ಕಾರದ ವಾದ. ತಿದ್ದುಪಡಿ ಮಸೂದೆಗಳಲ್ಲಿ ‘ಐದು ಎಂಬ ಪದದ ಬದಲಿಗೆ ಹತ್ತು ಎಂಬ ಪದವನ್ನು ಪ್ರತಿಷ್ಠಾಪಿಸತಕ್ಕದ್ದು’ ಎಂಬ ಮಾದರಿಯ ಸಾಲುಗಳೇ ಇರುತ್ತವೆ, ಮೂಲ ಕಾಯ್ದೆ ಪಕ್ಕದಲ್ಲಿಲ್ಲದೆ ಅವುಗಳಿಗೆ ಅರ್ಥವಿಲ್ಲ. ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ಜಾಲತಾಣದಿಂದ ಮೂಲ ಕಾಯ್ದೆ ಇಳಿಸಿಕೊಂಡು ಎರಡನ್ನೂ ಎದುರುಬದುರು ಇಟ್ಟು ಓದಿ. ಬರೆಯುವಾಗ ಈಗ ಹೇಗಿದೆ, ಮುಂದೆ ಹೇಗಾಗುತ್ತದೆ, ನಮ್ಮ ತಾಲ್ಲೂಕಿನಲ್ಲಿ ಯಾರಿಗೆ ತಾಗುತ್ತದೆ, ಶುಲ್ಕ ಅಥವಾ ದಂಡ ಎಷ್ಟು ಎಂದು ಐದು ಸಾಲಿಗೆ ಮುಗಿಸಿ. ಒಂದು ಸಂಚಿಕೆಗೆ ನಾಲ್ಕು ಮಸೂದೆ ಸಾಕು. ಉಳಿದವುಗಳ ಹೆಸರು ಮತ್ತು ಹಂತ ಒಂದು ಪಟ್ಟಿಯಲ್ಲಿ.

ಶಾಸಕರ ನಿಲುವು ಹೇಳುವಾಗಲೂ ಎಚ್ಚರ. ಹೆಚ್ಚಿನ ಮಸೂದೆಗಳು ಧ್ವನಿಮತದಲ್ಲಿ ಅಂಗೀಕಾರವಾಗುತ್ತವೆ, ಮತ ವಿಭಜನೆ ಆಗದಿದ್ದರೆ ಯಾರು ಯಾವ ಕಡೆ ಎಂಬ ದಾಖಲೆ ಇರುವುದಿಲ್ಲ. ‘ವಿರುದ್ಧವಾಗಿ ಮತ ಹಾಕಿದರು’ ಎನ್ನುವ ಬದಲು ‘ಚರ್ಚೆಯಲ್ಲಿ ಖಂಡ 4ನ್ನು ವಿರೋಧಿಸಿದರು’ ಅಥವಾ ‘ಸಭಾತ್ಯಾಗ ಮಾಡಿದರು’ ಎಂದು ನಡೆದದ್ದನ್ನು ಬರೆಯಿರಿ. ಮಾತೇ ಆಡದಿದ್ದರೆ ಆ ಸಾಲು ಬೇಡ. ಮಸೂದೆಯಿಂದ ಕ್ಷೇತ್ರಕ್ಕೆ ನಷ್ಟವಿದ್ದು ಪಕ್ಷದ ಸಚೇತಕಾಜ್ಞೆಯಂತೆ (ವಿಪ್) ಬೆಂಬಲಿಸಿದ್ದರೆ ಅದನ್ನೂ ಹೇಳಿಬಿಡುವುದು ಒಳಿತು, ಕೇಳುವವರು ಹೇಗೂ ಕೇಳುತ್ತಾರೆ.

ಅಚ್ಚು, ಅಕ್ಷರ, ವಾಟ್ಸ್ಆ್ಯಪ್

ಎ3 ಹಾಳೆ ಮಡಿಸಿದರೆ ಎ4ರ ನಾಲ್ಕು ಪುಟ. ಅಷ್ಟು ಸಾಕು. ಅಕ್ಷರ 14 ಪಾಯಿಂಟ್‌ಗಿಂತ ಚಿಕ್ಕದು ಬೇಡ, ಓದುವವರಲ್ಲಿ ಕನ್ನಡಕ ಮನೆಯಲ್ಲಿ ಬಿಟ್ಟು ಬಂದವರೇ ಹೆಚ್ಚು. ಮೊದಲ ಪುಟದಲ್ಲಿ ಊರಿನ ಕಾಮಗಾರಿ, ಎರಡು ಮತ್ತು ಮೂರರಲ್ಲಿ ಸಮಿತಿಗಳು ಮತ್ತು ಮಸೂದೆ, ನಾಲ್ಕರಲ್ಲಿ ಬಾಕಿ ಪಟ್ಟಿ, ದೂರು ಕೊಡುವ ದಾರಿ. ಜನಸ್ಪಂದನದ 1902 ಸಂಖ್ಯೆ ಅಲ್ಲಿರಲಿ. ‘ಸಕಾಲ’ ಸೇವಾ ಯೋಜನೆಯಡಿ ಅರ್ಜಿ ಕೊಟ್ಟವರು ಸ್ವೀಕೃತಿ ಸಂಖ್ಯೆ ಹೇಳಿದರೆ ಮಾತ್ರ ಕಚೇರಿಯಿಂದ ವಿಚಾರಿಸಲು ಆಗುತ್ತದೆ ಎಂಬುದೂ ಇರಲಿ.

ಮುದ್ರಣಾಲಯಗಳಲ್ಲಿ ಈಗಲೂ ನುಡಿ ಅಥವಾ ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿ ಪುಟ ಕಟ್ಟುತ್ತಾರೆ. ಕಾಗದದ ಮೇಲೆ ಅದು ಚೆನ್ನಾಗಿಯೇ ಬರುತ್ತದೆ. ಅದೇ ಪಠ್ಯ ನಕಲಿಸಿ ವಾಟ್ಸ್ಆ್ಯಪ್‌ಗೆ ಹಾಕಿದರೆ ಇಂಗ್ಲಿಷ್ ಅಕ್ಷರಗಳ ಕಿಚಡಿ. ಹಾಗಾಗಿ ಮೊದಲು ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಅಚ್ಚಿಗೆ ಬೇಕಾದರೆ ಅವರು ಪರಿವರ್ತಿಸಿಕೊಳ್ಳಲಿ. ಪರಿವರ್ತನೆಯಾದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರ ಇರುವ ಊರಿನ ಹೆಸರುಗಳನ್ನು ಕಣ್ಣಿಟ್ಟು ನೋಡಿ, ಮುರಿಯುವುದು ಅಲ್ಲೇ.

ವಾಟ್ಸ್ಆ್ಯಪ್ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರಷ್ಟೇ, ಅದೂ ನಿಮ್ಮ ಸಂಖ್ಯೆಯನ್ನು ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ‘ಕಳಿಸಿದ್ದೇವೆ, ಬಂದಿಲ್ಲ ಅನ್ನುತ್ತಾರೆ’ ಎಂಬ ಗೋಳಿಗೆ ಬಹುಪಾಲು ಕಾರಣ ಇದೇ. ಗ್ರೂಪಿಗೆ 1,024 ಜನರ ಮಿತಿ, ಮೇಲೆ ಶುಭೋದಯದ ಹೂವುಗಳ ನಡುವೆ ವರದಿ ಕಳೆದುಹೋಗುತ್ತದೆ. ಚಾನೆಲ್ ಮಾಡಿ, ಅದರ ಕ್ಯೂಆರ್ ಕೋಡನ್ನು ಅಚ್ಚಿನ ಪ್ರತಿಯಲ್ಲಿ ಹಾಕುವುದು ವಾಸಿ. ಜೊತೆಗೆ ಹೋಬಳಿಗೊಂದರಂತೆ ಎರಡು ನಿಮಿಷದ ಧ್ವನಿ ಸಂದೇಶ: ಆಯಾ ಹೋಬಳಿಯ ಸುದ್ದಿ ಮಾತ್ರ, ಆ ಸೀಮೆಯ ಮಾತಿನಲ್ಲೇ.

ಅಚ್ಚಿನ ಪ್ರತಿಗಳು ಹಾಲಿನ ಡೇರಿ, ನ್ಯಾಯಬೆಲೆ ಅಂಗಡಿ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ, ಇಲ್ಲೆಲ್ಲ ಸೇರಬೇಕು. ಡೇರಿಯಲ್ಲಿ ಬೆಳಿಗ್ಗೆ ಸಂಜೆ ಎರಡು ಹೊತ್ತೂ ಜನ ಸಾಲಿನಲ್ಲಿ ನಿಂತಿರುತ್ತಾರೆ, ಒಬ್ಬರು ಗಟ್ಟಿಯಾಗಿ ಓದಿದರೆ ಹತ್ತು ಜನ ಕೇಳುತ್ತಾರೆ. ಫ್ಲೆಕ್ಸ್ ಬೇಡ. 2016ರ ಪ್ಲಾಸ್ಟಿಕ್ ನಿಷೇಧದಲ್ಲೇ ಅದು ಸೇರಿದೆ.

ಕೈ ಸುಡುವ ಕಡೆಗಳು

ಕಡತದಿಂದ ತೆಗೆಸಿದ ಮಾತನ್ನು ವರದಿಯಲ್ಲಿ ಉಲ್ಲೇಖಿಸಿದರೆ ಹಕ್ಕುಚ್ಯುತಿಯ ಪ್ರಶ್ನೆ ಏಳುತ್ತದೆ, ಶಾಸಕರದ್ದೇ ಮಾತಾದರೂ ಅಷ್ಟೇ. ಸದನ ಸಮಿತಿಯ ಸಭೆಯಲ್ಲಿ ನಡೆದದ್ದನ್ನೂ ವರದಿ ಸದನದಲ್ಲಿ ಮಂಡನೆಯಾಗುವ ತನಕ ಹೊರಗೆ ಹೇಳುವಂತಿಲ್ಲ. ಭಾಷಣದ ವಿಡಿಯೊ ತುಣುಕು ಹಾಕುವ ಮುನ್ನ ಸಭಾಧ್ಯಕ್ಷರು ಏನನ್ನಾದರೂ ತೆಗೆಸಿದರೇ ಎಂದು ನೋಡಿಕೊಳ್ಳಿ.

ಚುನಾವಣೆ ಘೋಷಣೆಯಾದ ಗಳಿಗೆಯಿಂದ ಮಾದರಿ ನೀತಿ ಸಂಹಿತೆ. ಹೊಸ ಕಾಮಗಾರಿಯ ಘೋಷಣೆ, ಶಂಕುಸ್ಥಾಪನೆ ಎಲ್ಲಕ್ಕೂ ತಡೆ. ಪದವೀಧರ, ಶಿಕ್ಷಕರ ಕ್ಷೇತ್ರಗಳ ಪರಿಷತ್ ಚುನಾವಣೆಗೂ, ಸ್ಥಳೀಯ ಸಂಸ್ಥೆಗಳ ಚುನಾವಣೆಗೂ ಸಂಹಿತೆ ಇದೆ, ಎಲ್ಲಿಯವರೆಗೆ ಅನ್ವಯ ಎಂದು ಜಿಲ್ಲಾ ಚುನಾವಣಾ ಶಾಖೆಯಲ್ಲಿ ಕೇಳಿಯೇ ಪ್ರತಿ ಹಂಚಿ. ಚುನಾವಣಾ ಕರಪತ್ರದಲ್ಲಿ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಬೇಕೆಂಬುದು ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ. ಎಲ್ಲ ಸಂಚಿಕೆಗೂ ಅದನ್ನು ರೂಢಿ ಮಾಡಿಕೊಂಡರೆ ತಲೆನೋವಿಲ್ಲ.

ಫಲಾನುಭವಿಗಳ ಹೆಸರು, ಫೋಟೊ, ಕಾಯಿಲೆ, ಆಧಾರ್ ಪ್ರತಿ, ಯಾವುದೂ ಅಚ್ಚಾಗಬಾರದು. ಮುಖ್ಯಮಂತ್ರಿ ಪರಿಹಾರ ನಿಧಿಯಿಂದ ಚಿಕಿತ್ಸೆಗೆ ಹಣ ಕೊಡಿಸಿದ್ದರೆ ‘ಈ ಅವಧಿಯಲ್ಲಿ ಇಷ್ಟು ಅರ್ಜಿ, ಇಷ್ಟಕ್ಕೆ ಹಣ’ ಎಂದರೆ ಸಾಕು. ಚೆಕ್ ಹಿಡಿದು ತಲೆತಗ್ಗಿಸಿ ನಿಂತವರ ಫೋಟೊ ಅವರ ಮಗಳ ಮದುವೆ ಮಾತುಕತೆಯ ಹೊತ್ತಿಗೆ ಯಾರದೋ ಫೋನಿನಲ್ಲಿ ಇನ್ನೂ ಇರುತ್ತದೆ.

ತಪ್ಪಾದರೆ, ಮತ್ತು ಮುಂದಿನ ಸಂಚಿಕೆಗೆ

ಅಚ್ಚಿಗೆ ಹೋಗುವ ಹಿಂದಿನ ದಿನ ಪ್ರತಿ ಕಾಮಗಾರಿಗೂ ಸಂಬಂಧಪಟ್ಟ ಕಿರಿಯ ಇಂಜಿನಿಯರಿಗೆ ಫೋನು ಮಾಡಿ, ಪ್ರತಿ ಮಸೂದೆಗೂ ವಿಧಾನಸಭೆಯ ಜಾಲತಾಣಕ್ಕೆ ಒಮ್ಮೆ ಹೋಗಿ ಹಂತ ಬದಲಾಗಿದೆಯೇ ನೋಡಿ. ಆದರೂ ತಪ್ಪಾಗುತ್ತದೆ. ಆಗ ಹಳೆಯ ಪಿಡಿಎಫ್ ಅಳಿಸಿ ಸದ್ದಿಲ್ಲದೆ ಹೊಸದು ಹಾಕಬೇಡಿ, ಹಳೆಯದು ಆಗಲೇ ಐವತ್ತು ಗ್ರೂಪು ಸುತ್ತಿರುತ್ತದೆ. ‘ಕಳೆದ ಸಂಚಿಕೆಯಲ್ಲಿ ಕಾರ್ಯಾದೇಶ ಆಗಿದೆ ಎಂದು ತಪ್ಪಾಗಿ ಬರೆದಿದ್ದೆವು, ಆಗಿರುವುದು ತಾಂತ್ರಿಕ ಮಂಜೂರಾತಿ ಮಾತ್ರ’ ಎಂದು ಅದೇ ಗಾತ್ರದ ಅಕ್ಷರದಲ್ಲಿ ಹಾಕಿ.

ಕೊನೆಯ ಪುಟದ ಬಾಕಿ ಪಟ್ಟಿಯಲ್ಲಿ ಪ್ರತಿ ವಿಷಯಕ್ಕೂ ಒಂದು ಕ್ರಮಸಂಖ್ಯೆ ಕೊಟ್ಟು, ಆ ಸಂಖ್ಯೆಯನ್ನು ವಿಷಯ ಮುಗಿಯುವ ತನಕ ಬದಲಿಸಬೇಡಿ. 17ನೇ ವಿಷಯ ಹೊಸಹಳ್ಳಿ ರಸ್ತೆ ಎಂದರೆ ಮೂರು ಅಧಿವೇಶನ ಕಳೆದರೂ ಅದು 17. ಹಂತ ಬದಲಾಗದಿದ್ದರೆ ‘ಬದಲಾವಣೆ ಇಲ್ಲ, ಎರಡನೇ ಸಂಚಿಕೆ’ ಎಂದು ಬರೆಯಿರಿ, ಮುಂದಿನ ಸಲ ‘ಮೂರನೇ ಸಂಚಿಕೆ’. ಆ ಸಾಲು ಕೆಡಿಪಿ ಸಭೆಯಲ್ಲಿ ಅಧಿಕಾರಿಯ ಮುಂದೆ ಇಡಲಿಕ್ಕೂ ಆಗುತ್ತದೆ, ಮುಂದಿನ ಅಧಿವೇಶನಕ್ಕೆ ಪ್ರಶ್ನೆ ಬರೆಯಲಿಕ್ಕೂ ಆಗುತ್ತದೆ.